ಹುಲ್ಲೇ ಉರುವಲಾದೀತೆ?

ಅಕ್ಕಿ ರಾಗಿಗಳ ಚಿಂತೆ ಎಷ್ಟೋ ಸೌದೆಯ ಚಿಂತೆಯೂ ಅಷ್ಟೇ ಎಂಬುದನ್ನು ಮನೆವಾರ್ತೆ ನೋಡಿಕೊಳ್ಳುವ ತಾಯಂದಿರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಈಚೆಗೆ ಅಡುಗೆಯ ಅನಿಲವು ಹಳ್ಳಿಗಳಿಗೂ ಬಂದಿರುವುದು ನಿಜ. ಆದರೂ ಸ್ನಾನದ ಹಂಡೆಯ ಕೆಳಗೆ ಉರಿಯುವುದು ಇಂದಿಗೂ ಎಷ್ಟೋ ಮನೆಗಳಲ್ಲಿ ಸೌದೆಯೇ, ಇಲ್ಲವೆ ತೆಂಗಿನ ಗರಿ ಮಟ್ಟೆಗಳೇ. ಹೀಗಿರಲು, ಮಳೆ ಕಡಮೆಯಾದ ನೆಲದಲ್ಲಿ, ಹೆಚ್ಚು ಗೊಬ್ಬರವನ್ನೂ ಬೇಡದೆ, ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವ ಹುಲ್ಲುಗಳಿಂದ ಉರುವಲನ್ನು ಪಡೆಯಬಹುದೆಂಬ ಮಾತು ಲೋಕದಲ್ಲೆಲ್ಲ ಕೇಳಿಬರುತ್ತಿದೆ. ಈ ಮಾತು ನಮ್ಮ ಸೀಮೆಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಬೆಂಗಳೂರಿನ ಕಡೆಯಿಂದ ಕ್ಯಾತಸಂದ್ರವನ್ನು ದಾಟಿ ತುಮಕೂರನ್ನು ಹೊಗುವವರಿಗೆ ಬಟವಾಡಿಯು ಸಿಕ್ಕುವುದು. ಈಗ ಅದು ಪಟ್ಟಣದ ಒಂದು ಭಾಗವೇ ಆಗಿದೆ. ಆದರೆ ಅಲ್ಲಿಂದ ಗುಬ್ಬಿಯ ಕಡೆಗಾಗಲಿ ಕುಣಿಗಲಿನ ಕಡೆಗಾಗಲಿ ಕೆಲವು ಹರದಾರಿ ಹೋದರೆ ಕೆಮ್ಮಣ್ಣಿನ ಬೆದ್ದಲು, ರಾಗಿಯ ಹೊಲ, ತೆಂಗಿನ ತೋಟ ಇವೇ ಕಾಣುವುವು. ಹೇಮಾವತಿಯ ನಾಲೆಯ ನೀರು ತಲಪಿದ ಕಡೆ ಒಂದು ಬಗೆ. ತಲಪದ ಕಡೆ ಮಳೆಯೇ ಗತಿ. ಇಂತಹ ನೆಲದಲ್ಲಿ ನೀರನ್ನು ಹಿಡಿತದಿಂದ ಖರ್ಚುಮಾಡುವ ಬೆಳೆಯೇ ಬೆಳೆ.

ಹುಲ್ಲಿನ ಜಾತಿಗಳಲ್ಲಿ ಕೆಲವಕ್ಕೆ ಈ ಗುಣವು ಹುಟ್ಟಿನಿಂದಲೇ ಬಂದಿರುವುದು. ಕಬ್ಬಿನ ಎಲೆಯು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವ ಕ್ರಮವು ಬತ್ತ ಗೋಧಿಗಳ ಕ್ರಮದಂತಲ್ಲವೆಂಬುದನ್ನು 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿದ್ವಾಂಸರು ವಿವರಿಸಿದರು. ಈ ವರ್ಗದ ಸಸ್ಯಗಳು ಎಲೆಯ ಸಣ್ಣ ರಂಧ್ರಗಳನ್ನು ಹೆಚ್ಚಾಗಿ ತೆರೆಯದೆಯೇ ಬೇಕಾದಷ್ಟು ಇಂಗಾಲವನ್ನು ಕೂಡಿಸಿಕೊಳ್ಳುವುವು. ಆದುದರಿಂದ ಆವಿಯಾಗಿ ಹೋಗುವ ನೀರು ಕಡಮೆ. ಒಂದು ಕಿಲೋಗ್ರಾಂ ಒಣ ಪದಾರ್ಥವನ್ನು ಬೆಳೆಸಲು ಬತ್ತ ಗೋಧಿಗಳಂತಹವಕ್ಕೆ 500 ಕಿಲೋಗ್ರಾಮಿಗೂ ಮಿಕ್ಕಿ ನೀರು ಬೇಕಾದರೆ, ಇವಕ್ಕೆ ಸುಮಾರು 300 ಕಿಲೋಗ್ರಾಂ ಸಾಕು. ನಮ್ಮ ರಾಗಿ, ಜೋಳ, ಸಜ್ಜೆಗಳೂ ಇದೇ ವರ್ಗದವು. ಆನೆಹುಲ್ಲೆಂದು ಕರೆಯುವ ನೇಪಿಯರ್, ಗಿನಿಹುಲ್ಲು, ಲಾವಂಚ ಇವೂ ಇದೇ ವರ್ಗದವು.

ಬಹುಕಾಲ ಬಾಳುವ ಹುಲ್ಲಿಗೆ ಇನ್ನೊಂದು ಗುಣವುಂಟು. ವರ್ಷ ವರ್ಷವೂ ಉಳುವ, ಬಿತ್ತುವ ಕೆಲಸವಿಲ್ಲ. ಬೇರು ಆಳಕ್ಕಿಳಿದು ಮಣ್ಣನ್ನು ಕಟ್ಟಿಹಿಡಿಯುವುದು. ಹುಲ್ಲು ಬಲಿತು ಒಣಗುವಾಗ ಎಲೆ ಕಾಂಡಗಳಲ್ಲಿದ್ದ ಸಾರಜನಕದ ಒಂದಂಶವು ಬುಡಕ್ಕೆ ಇಳಿದು, ಮುಂದಿನ ಮಳೆಗಾಲದ ಚಿಗುರಿಗೆ ಬಂಡವಾಳವಾಗುವುದು. ಹಸಿಯಾಗಿದ್ದಾಗಲೇ ಕೊಯ್ದರೆ ಈ ಬಂಡವಾಳವೆಲ್ಲ ಕೊಯ್ಲಿನೊಡನೆ ಹೊರಟುಹೋಗುವುದು. ಆದುದರಿಂದ ಮೇವಿಗೆ ಎಳೆಯ ಹುಲ್ಲು ಉತ್ತಮ. ಉರುವಲಿಗೆ ಬಲಿತು ಒಣಗಿದುದೇ ಉತ್ತಮ. ಗೊಬ್ಬರಕ್ಕೆ ಹಣವಿಲ್ಲದ ರೈತನು ಈ ಒಂದು ಭೇದವನ್ನು ಮರೆಯಬಾರದು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1856ರಲ್ಲಿ ಆರಂಭವಾದ ಹುಲ್ಲುಗಾವಲಿನ ಪ್ರಯೋಗವು ಇಂದಿಗೂ ನಡೆಯುತ್ತಿದೆ. ಅಲ್ಲಿ ಗೊಬ್ಬರವನ್ನೇ ಕಾಣದ ಮಡಿಗಳು ಕೂಡ ಇಷ್ಟು ಕಾಲವೂ ಹುಲ್ಲನ್ನು ಕೊಡುತ್ತ ಬಂದಿವೆ. ಆದರೆ ಗೊಬ್ಬರವುಂಡ ಮಡಿಗಳಿಗಿಂತ ಕಡಮೆಯಾಗಿ. ಅಮೆರಿಕದ ಟಿಲ್‌ಮನ್ ಎಂಬವರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸತ್ತ್ವಗುಂದಿದ ನೆಲದಲ್ಲಿ ಒಂದೇ ಜಾತಿಯನ್ನು ಬೆಳೆದುದಕ್ಕಿಂತ ಹಲವು ಜಾತಿಯ ಹುಲ್ಲುಗಳನ್ನೂ ದ್ವಿದಳ ಸಸ್ಯಗಳನ್ನೂ ಕೂಡಿಸಿ ಬೆಳೆದುದು ಬಹಳ ಹೆಚ್ಚು ಫಲವನ್ನು ಕೊಟ್ಟಿತು. ರಾಗಿಯ ಹೊಲದಲ್ಲಿ ಅವರೆ ತೊಗರಿಗಳ ಅಕ್ಕಡಿ ಹಾಕುವ ನಮ್ಮ ರೈತರಿಗೆ ಇದು ಹೊಸ ಮಾತೇನಲ್ಲ.

ದೂರದ ದೃಷ್ಟಾಂತಗಳು ಹಾಗಿರಲಿ. ಉರುವಲಿನ ವಿಷಯದಲ್ಲಿ ತುಮಕೂರು ಜಿಲ್ಲೆಯು ಸ್ವತಃ ಒಂದು ಪಾಠಶಾಲೆಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ವಿಭಾಗವು ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವು ಏರ್ಪಟ್ಟಿತು. ಅವರು ಆ ಸುತ್ತಿನ ಆರು ಹಳ್ಳಿಗಳನ್ನು ಪರಿಶೀಲಿಸಿದಾಗ, ಹಳ್ಳಿಗೆ ಬೇಕಾದ ಶಕ್ತಿಯಲ್ಲಿ ಶೇಕಡ 80ಕ್ಕೂ ಹೆಚ್ಚು ಪಾಲು ಸೌದೆಯಿಂದಲೇ ಬರುತ್ತಿದ್ದುದು ಗೊತ್ತಾಯಿತು. ಅದರಲ್ಲಿ ಬಹುಭಾಗವು ಅಡುಗೆಯ ಒಲೆಗೇ ಹೋಗುತ್ತಿತ್ತು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಸಗಣಿ ಅನಿಲದ ಸ್ಥಾವರವನ್ನು ಕಟ್ಟಿದರು. ಮೊದಲು ಎಲ್ಲರ ಅಡುಗೆಗೂ ಅನಿಲವನ್ನು ಕೊಡಬೇಕೆಂಬ ಉದ್ದೇಶವಿತ್ತು. ಆದರೆ ಅದಕ್ಕೆ ಸಾಕಾಗುವಷ್ಟು ಸಗಣಿಯೇ ದೊರೆಯಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನನ್ನು ನಡೆಸಿ ಮನೆಗಳಿಗೆ ದೀಪವನ್ನೂ ಕೊಳಾಯಿಯ ನೀರನ್ನೂ ಕೊಟ್ಟರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಕಾಸೂ, ಗೊಬ್ಬರಕ್ಕೆ ಬಗ್ಗಡವೂ ಹಿಂದಕ್ಕೆ ಸಿಕ್ಕುತ್ತಿದ್ದುವು. ಹಸುವಿಗೆ ಮೇವಿಲ್ಲದಿದ್ದರೆ ಸಗಣಿಯಿಲ್ಲ, ಸಗಣಿಯಿಲ್ಲದಿದ್ದರೆ ಅನಿಲವಿಲ್ಲ ಎಂಬ ಮಾತನ್ನು ಪುರವು ಚೆನ್ನಾಗಿ ತಿಳಿಸಿಕೊಟ್ಟಿತು.

ಹೊಸಹಳ್ಳಿಯದು ಇನ್ನೊಂದು ಕಥೆ. ಇದೂ ಕುಣಿಗಲ್ ತಾಲ್ಲೂಕಿನದೇ. ಅಲ್ಲಿ 1988ರಲ್ಲಿ ಸೌದೆಯನ್ನು ಅನಿಲವಾಗಿ ಮಾರ್ಪಡಿಸಿ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವನ್ನು ಸ್ಥಾಪಿಸಿದರು. ಅದಕ್ಕೆ ಬೇಕಾದ ಮರಗಳನ್ನು ಊರ ಬಳಿಯಲ್ಲಿಯೇ ಬೆಳೆಸಿದರು. ಹದಿನಾಲ್ಕು ವರ್ಷಗಳಿಗೆ ಮೇಲ್ಪಟ್ಟ ಅನುಭವವು 2004ರಲ್ಲಿ ಪ್ರಕಟವಾಯಿತು. ಆ ಯಂತ್ರದಿಂದ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು ಎಲ್ಲವೂ ನಡೆದುವು. ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಇದೇ ಬಗೆಯ, 500 ಕಿಲೋವಾಟ್ ಶಕ್ತಿಯ ಸ್ಥಾವರವೂ ಏರ್ಪಟ್ಟಿತು.

ಸೌದೆಯ ಬದಲು ಹುಲ್ಲನ್ನೇ ಈ ಯಂತ್ರಗಳಿಗೆ ಹಾಕಬಾರದೆ ಎಂದು ಕೇಳಬಹುದು. ತೂಕಕ್ಕೆ ತೂಕ ನೋಡಿದರೆ ಒಣಹುಲ್ಲಿನ ಶಾಖವು ಸೌದೆಯ ಶಾಖಕ್ಕೆ ಹೆಚ್ಚೇನೂ ಕಡಮೆಯಲ್ಲ. ಮೂರು ಕಿಲೋಗ್ರಾಂ ಒಣಹುಲ್ಲಿನಲ್ಲಿ ಸುಮಾರು ಒಂದು ಕಿಲೋಗ್ರಾಂ ಡೀಸೆಲಿನಷ್ಟು ಶಾಖವಿರುವುದು. ಒಂದು ಎಕರೆ ಬೆದ್ದಲಿನಲ್ಲಿ ವರ್ಷಕ್ಕೆ ಎರಡು ಟನ್ನು ಒಣಹುಲ್ಲು ದೊರೆಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಅದರಿಂದ ಒಂದೂವರೆ ಸಾವಿರ ಯೂನಿಟ್ಟಿನಷ್ಟು ವಿದ್ಯುತ್ತು ಹುಟ್ಟಬಹುದು. ಆದರೆ ತೊಡಕುಗಳೂ ಇವೆ. ಹುಲ್ಲು ಹಗುರ, ಗಾಡಿ ತುಂಬಿದರೂ ತೂಕ ಬಾರದು, ದೂರ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುವುದು. ಅದರ ಬೂದಿಯಲ್ಲಿ ಪೊಟ್ಯಾಷೂ ಮರಳಿನಂಶವೂ ಹೆಚ್ಚಾಗಿರುವುದರಿಂದ ಯಂತ್ರದೊಳಗೆ ಕರಗಿ ಗಟ್ಟಿಯಾಗಿ ಹೆಪ್ಪುಗಟ್ಟುವುದು. ಒತ್ತಿ ಇಟ್ಟಿಗೆಯಾಗಿ ಮಾಡಿ ಉರಿಸಬಹುದು, ಅದಕ್ಕೂ ಖರ್ಚುಂಟು.

ಇನ್ನು ನೆಲದ ಪ್ರಶ್ನೆ. ಉರುವಲಿಗಾಗಿ ರಾಗಿಯ ಹೊಲವನ್ನು ಬಿಡುವುದು ಅವಿವೇಕ. ಬಂಜರೆಂದು ಕರೆಯುವ ಕಾವಲು ಗೋಮಾಳಗಳನ್ನು ಕಿತ್ತು ಒಂದೇ ಜಾತಿಯ ಹುಲ್ಲನ್ನು ನೆಡುವುದೂ ತರವಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳು ಬರಿಯ ಬಂಜರಲ್ಲ. ದನ ಕುರಿಗಳಿಗೂ ಎಷ್ಟೋ ಪಕ್ಷಿ ಮೃಗಗಳಿಗೂ ಅವೇ ಆಧಾರ. ನೀಲಗಿರಿ ಮರವನ್ನು ಕಂಡಕಂಡಲ್ಲಿ ನೆಟ್ಟು, ಕಡೆಗೆ 2017ರಲ್ಲಿ ಸರ್ಕಾರವೇ ಅದರ ನೆಡುವಿಕೆಯನ್ನು ನಿಷೇಧಿಸಬೇಕಾಗಿ ಬಂದುದು ನಮಗೆ ಎಚ್ಚರಿಕೆಯಾಗಿರಲಿ.

ಹಾಗಾದರೆ ಗೃಹಸ್ಥರು ಏನು ಮಾಡಬಹುದು? ಹೊಲದ ಬದುಗಳೂ, ಹಳ್ಳದ ದಡವೂ, ಬಚ್ಚಲ ನೀರು ಹರಿಯುವ ಮೂಲೆಯೂ ಹುಲ್ಲಿಗೆ ತಕ್ಕ ಸ್ಥಳಗಳು. ಬಚ್ಚಲ ನೀರಿನ ಬಳಿ ಸಜ್ಜೆ ನೇಪಿಯರ್ ಮಿಶ್ರತಳಿಯನ್ನು ನೆಡಬಹುದು. ಇದು ಬೀಜ ಕಟ್ಟದು, ಕಬ್ಬಿನಂತೆ ಗೆಣ್ಣಿನ ತುಂಡುಗಳಿಂದ ಬೆಳೆಯುವುದು. ಆದುದರಿಂದ ಬೀಜ ಚೆಲ್ಲಿ ಕಳೆಯಾಗಿ ಹರಡುವ ಭಯವಿಲ್ಲ. ತೆಂಗಿನ ಮರಗಳ ನಡುವಣ ಅರೆನೆರಳಿಗೆ ಗಿನಿಹುಲ್ಲು ಒಗ್ಗುವುದು. ಬದುವಿಗೆ ಲಾವಂಚ ಲೇಸು. ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಇದನ್ನು ಹೊಲದ ಎಲ್ಲೆಗೆ ನೆಡುತ್ತ ಬಂದಿದ್ದಾರೆ. ಜೊತೆಗೆ ಗೊಬ್ಬರದ ಗಿಡವನ್ನಾಗಲಿ ಹೊಂಗೆಯನ್ನಾಗಲಿ ನೆಟ್ಟರೆ ಸೊಪ್ಪು ಸಿಕ್ಕುವುದು, ಸಾರಜನಕವೂ ಸಿಕ್ಕುವುದು.

ಮಳೆಗಾಲದ ಎಳೆಹುಲ್ಲು ಹಸುವಿಗೆ ಸಲ್ಲಲಿ. ಸಗಣಿಯಿಂದ ಅನಿಲ, ಅನಿಲದ ಬಗ್ಗಡದಿಂದ ಮತ್ತೆ ಹುಲ್ಲಿನ ಬುಡಕ್ಕೆ ಸಾರಜನಕ. ಸುಗ್ಗಿಯ ತರುವಾಯ ದನವು ಮುಟ್ಟದಷ್ಟು ಬಲಿತ ಕಡ್ಡಿಯು ಹಂಡೆಯ ಒಲೆಗೆ ಸಲ್ಲಲಿ. ಕೊಯ್ಯುವಾಗ ಗೇಣುದ್ದ ಬುಡವನ್ನು ಬಿಡಬೇಕು. ಒಲೆಯ ಬೂದಿಯನ್ನು ತಿಪ್ಪೆಗೆ ಎಸೆದು ಮರೆಯದೆ ಅದೇ ಬುಡಗಳಿಗೆ ಹಾಕಬೇಕು. ಉರಿಯಲ್ಲಿ ಸಾರಜನಕವು ಹಾರಿಹೋದರೂ ಪೊಟ್ಯಾಷು ರಂಜಕಗಳು ಬೂದಿಯಲ್ಲಿ ಉಳಿದಿರುವುವು. ಒಣಹುಲ್ಲಿನ ಮೆದೆಯನ್ನು ಮನೆಗೂ ಕೊಟ್ಟಿಗೆಗೂ ದೂರವಾಗಿ ಒಟ್ಟಬೇಕು. ಬೇಸಗೆಯಲ್ಲಿ ಒಂದು ಕಿಡಿ ಸಾಕು.

ಎಣ್ಣೆಯ ಬಾವಿಗಳಿಗೆ ಬದಲಾಗಿ ಹುಲ್ಲು ಬಂದೀತೆಂದು ನಾವು ಹೇಳಲಾರೆವು. ಹಸುವಿಗೆ ಮೊದಲು, ಒಲೆಗೆ ಅನಂತರ, ಮಿಕ್ಕುದು ಮಾತ್ರ ಯಂತ್ರಕ್ಕೆ ಎಂಬ ಕ್ರಮವನ್ನು ಬಿಡದಿದ್ದರೆ, ನಾಲೆಯ ನೀರು ಕಾಣದ ಬದುವಿನಿಂದಲೂ ಒಂದು ಸಂಸಾರದ ಸೌದೆಯ ಚಿಂತೆಯಲ್ಲಿ ಒಂದು ಪಾಲಾದರೂ ಕಳೆಯುವುದು. ಅಷ್ಟರಮಟ್ಟಿಗೆ ಸೌದೆಗಾಗಿ ಅಲೆಯುವ ಹೆಣ್ಣುಮಕ್ಕಳ ಬೆನ್ನಿನ ಹೊರೆಯೂ ಇಳಿಯುವುದು. ಬರುವ ಮುಂಗಾರಿಗೆ ಒಂದು ಬದುವಿನಲ್ಲಿ ನೆಟ್ಟು ನೋಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇವೆ.