ಪರಾಭಿಪ್ರಾಯವೂ ನಮ್ಮ ರಸಾಸ್ವಾದವೂ

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ಸಂಗೀತನಾಟಕಶಾಲೆಗಳಲ್ಲಿ, ಹಣ ತೆತ್ತು ನೋಡುವವರ ನಡುವೆ ಹಣ ಪಡೆದು ನೋಡುವವರದೇ ಒಂದು ವರ್ಗವಿದ್ದಿತು. 'ಕ್ಲಾಕ್' ಎಂಬ ಹೆಸರಿನ ಈ ಕೂಲಿ ಮೆಚ್ಚುಗೆಯವರಲ್ಲಿ, ವಿನೋದಪ್ರಸಂಗ ಬಂದೊಡನೆ ಗಹಗಹಿಸಿ ನಗುವವರು, ಕರುಣರಸದ ಸಂದರ್ಭದಲ್ಲಿ ಕರವಸ್ತ್ರವನ್ನು ಕಣ್ಣಿಗೊತ್ತಿಕೊಳ್ಳುವ ಸ್ತ್ರೀಯರು, ಹಾಡು ಮುಗಿಯುತ್ತಲೇ 'ಮತ್ತೊಮ್ಮೆ' ಎಂದು ಕೂಗುವವರು ಬೇರೆಬೇರೆಯಾಗಿ ನಿಯುಕ್ತರಾಗಿದ್ದರು. ಇವರಲ್ಲಿ ಪ್ರಸಿದ್ಧನಾದ ಆಗಸ್ಟ್ ಲೆವಾಸರ್ ಎಂಬ ನಾಯಕನು ಪೂರ್ವಾಭ್ಯಾಸಕ್ಕೂ ಹೋಗಿ, ಎಲ್ಲಿ ಎಷ್ಟು ತಟ್ಟಬೇಕೆಂಬುದನ್ನು ಗೊತ್ತುಮಾಡಿಕೊಂಡು ಬರುತ್ತಿದ್ದನು. ಇದನ್ನು ಬರಿಯ ವಂಚನೆಯೆಂದು ತಳ್ಳಿಹಾಕಬಹುದು; ಆದರೆ ಆತನು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವನಾಗಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೃತಿಯೊಂದು ಗೆದ್ದ ಮೇಲೆ, ಅದು ಗುಣದಿಂದ ಗೆದ್ದಿತೋ ಗದ್ದಲದಿಂದ ಗೆದ್ದಿತೋ ಎಂದು ಹೇಳುವುದು ದುಸ್ಸಾಧ್ಯ; ಏಕೆಂದರೆ ಅದನ್ನೇ ಏನೂ ಅರಿಯದ ಇನ್ನೊಂದು ಜನಸ್ತೋಮದ ಮುಂದೆ ಹೊಸದಾಗಿ ತಂದು ನಿಲ್ಲಿಸಿ ನೋಡುವ ಅವಕಾಶ ನಮಗಿಲ್ಲ. ಈ ತೊಡಕನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯದ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಬಿಡಿಸಿದ ಬಗೆ ಬಹು ಸ್ವಾರಸ್ಯವಾದುದು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಯಾರೂ ಹೆಸರು ಕೇಳಿರದ ವಾದ್ಯವೃಂದಗಳ 48 ಹಾಡುಗಳನ್ನು 14,000ಕ್ಕೂ ಮಿಕ್ಕ ಜನರ ಮುಂದಿಟ್ಟು, ಬೇಕಾದುದನ್ನು ಕೇಳಿ, ಮೆಚ್ಚಿದುದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರು. ಒಂದು ಗುಂಪಿನವರಿಗೆ ಹಾಡಿನ ಮತ್ತು ವೃಂದದ ಹೆಸರನ್ನುಳಿದು ಬೇರೇನೂ ಕಾಣಿಸಲಿಲ್ಲ. ಉಳಿದವರನ್ನು ಒಂದಕ್ಕೊಂದು ಸಂಬಂಧವಿಲ್ಲದ 8 ಲೋಕಗಳಲ್ಲಿ ಹಂಚಿ, ಆಯಾ ಲೋಕದಲ್ಲಿ ಮುಂಚೆ ಬಂದವರು ಯಾವ ಹಾಡನ್ನು ಎಷ್ಟು ಸಲ ಆಯ್ದರೆಂಬ ಲೆಕ್ಕವನ್ನು ತೋರಿಸಲಾಯಿತು.

ಎಲ್ಲ ಲೋಕಗಳೂ ಸೊನ್ನೆಯಿಂದಲೇ ಆರಂಭವಾದುವು. ಆದರೂ ಒಂದೊಂದು ಒಂದೊಂದು ದಾರಿ ಹಿಡಿಯಿತು. '52ಮೆಟ್ರೋ' ವೃಂದದ 'ಲಾಕ್‌ಡೌನ್' ಎಂಬ ಹಾಡು, ಪರರ ಲೆಕ್ಕ ಕಾಣದವರ ತೀರ್ಪಿನಲ್ಲಿ 26ನೆಯ ಸ್ಥಾನದ್ದು; ಅದೇ ಹಾಡು ಒಂದು ಲೋಕದಲ್ಲಿ ಅಗ್ರಸ್ಥಾನಕ್ಕೇರಿ, ಮತ್ತೊಂದರಲ್ಲಿ 40ನೆಯದಾಗಿ ಕುಸಿಯಿತು. ಅತ್ಯುತ್ತಮವಾದುವು ತೀರ ಸೋತದ್ದು ವಿರಳ, ಅತಿ ಕಳಪೆಯವು ಗೆದ್ದದ್ದೂ ವಿರಳ. ಆದರೆ ಈ ಎರಡು ಎಲ್ಲೆಗಳ ನಡುವಣ ಹಾಡುಗಳ ಪಾಲಿಗೆ ಏನು ಬೇಕಾದರೂ ಆಗಬಹುದಾಗಿದ್ದಿತು. ಮೊದಮೊದಲು ಬಂದ ಕೆಲವರ ಆಕಸ್ಮಿಕವಾದ ಒಲವೇ ಅನಂತರ ಬಂದವರಿಗೆ ಪ್ರಮಾಣವಾಗಿ, ಅವರ ಆಯ್ಕೆಯೂ ಅದಕ್ಕೆ ಕೂಡಿಕೊಂಡು ಬೆಳೆಯಿತು. ಚಿತ್ರಮಂದಿರದ ಮುಂದಣ 'ಹೌಸ್‌ಫುಲ್' ಫಲಕವನ್ನು ಕಂಡು ಮರಳಿದವನು ಮರುದಿನ ಇಮ್ಮಡಿ ಆಸೆಯಿಂದ ಬರುವುದೂ ಇದೇ ನ್ಯಾಯದಿಂದ. ಇದರಲ್ಲಿ ಮೌಢ್ಯವೇನೂ ಇಲ್ಲ. ಎಲ್ಲವನ್ನೂ ಕೇಳಿ ನೋಡುವಷ್ಟು ಆಯುಷ್ಯ ಯಾರಿಗಿದೆ?

ಹಾಗೆಂದು ಎಲ್ಲರ ಅಭಿಪ್ರಾಯವೂ ನಮಗೆ ಸಮಾನವಲ್ಲ. ಆಸ್ಟ್ರೇಲಿಯದ ಮೈಕೆಲ್ ಪ್ಲಾಟೊ ಮತ್ತು ಸಂಗಡಿಗರು 2005ರಲ್ಲಿ ವರದಿಮಾಡಿದಂತೆ, ಹಾಸ್ಯದ ಧ್ವನಿಮುದ್ರಿಕೆಯಲ್ಲಿ ಕೇಳಿಬರುವ ನಗೆ ತಮ್ಮ ವಿಶ್ವವಿದ್ಯಾನಿಲಯದವರದೇ ಎಂದು ನಂಬಿದ ವಿದ್ಯಾರ್ಥಿಗಳು ತಾವೂ ಹೆಚ್ಚಾಗಿ ನಕ್ಕರು; ಅದು ತಮಗೊಗ್ಗದ ರಾಜಕೀಯ ಪಕ್ಷದವರದೆಂದು ತಿಳಿದವರಿಗೆ ಅದೇ ಹಾಸ್ಯ ಸಪ್ಪೆಯಾಯಿತು.

ಸಾಲ್ಗನಿಕ್ ಮತ್ತು ವಾಟ್ಸ್ ಅಲ್ಲಿಗೇ ನಿಲ್ಲದೆ, ಮೊದಲನೆಯದು ಕಡೆಯದಾಗುವಂತೆ ಪಟ್ಟಿಯನ್ನು ಬೇಕೆಂದೇ ತಲೆಕೆಳಗುಮಾಡಿ ಇನ್ನೊಂದು ಪ್ರಯೋಗ ನಡೆಸಿದರು. 2008ರಲ್ಲಿ ಹೊರಬಂದ ಅದರ ಫಲಿತಾಂಶದಂತೆ, ಹುಸಿ ಕೀರ್ತಿ ಪಡೆದ ಹಲವು ಹಾಡುಗಳು ಅದನ್ನೇ ನಿಜವಾಗಿಸಿಕೊಂಡುವು. ಅತ್ಯುತ್ತಮವಾದ ಕೆಲವು ಮಾತ್ರ ಮೆಲ್ಲಮೆಲ್ಲನೆ ಮೇಲೆದ್ದು ಬಂದುವು. ಇನ್ನೂ ಕೌತುಕದ ಸಂಗತಿಯೆಂದರೆ, ಸುಳ್ಳು ಪಟ್ಟಿಯನ್ನು ಕಂಡ ಲೋಕಗಳಲ್ಲಿ ಒಟ್ಟು ಡೌನ್‌ಲೋಡ್‌ಗಳ ಸಂಖ್ಯೆಯೇ ತಗ್ಗಿತು: ಪಟ್ಟಿಯನ್ನು ನಂಬಿ ಮೇಲಿನಿಂದ ಕೇಳತೊಡಗಿದವರು, ಒಳ್ಳೆಯ ಹಾಡುಗಳ ತನಕ ಹೋಗುವ ಮೊದಲೇ ಬೇಸತ್ತು ಎದ್ದು ಹೋಗಿರಬೇಕು.