ಕ್ಯಾನ್ಸರ್ ಚಿಕಿತ್ಸೆಯೂ ಸಮಾಜಸೇವಕರ ಕರ್ತವ್ಯವೂ

ಆಸ್ಪತ್ರೆಯೆಂದೊಡನೆ ನಮ್ಮ ಜನರ ಕಣ್ಣೆದುರಿಗೆ ನಿಲ್ಲುವುದು ಸಾಲು ಹಾಸಿಗೆಗಳ ಚಿತ್ರ. ಕ್ಯಾನ್ಸರ್ ಎಂಬ ಅರ್ಬುದ ವ್ಯಾಧಿಯ ವಿಷಯದಲ್ಲಿ ಈ ಚಿತ್ರವು ಬಹುಮಟ್ಟಿಗೆ ಸತ್ಯಕ್ಕೆ ದೂರವಾದುದು. ಕಿರಣಚಿಕಿತ್ಸೆಗೆ ಬರುವವರಲ್ಲಿಯೂ ಕೀಮೋಥೆರಪಿಗೆ ಬರುವವರಲ್ಲಿಯೂ ಬಹುಮಂದಿ ಹೊರರೋಗಿಗಳೇ. ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗತಕ್ಕವರು. ವೈದ್ಯರ ಮುಂದೆ ಅವರು ಕುಳಿತಿರುವುದು ಕೆಲವು ನಿಮಿಷಗಳು ಮಾತ್ರ. ಮಿಕ್ಕ ಕಾಲವೆಲ್ಲ ಬಸ್ಸಿನಲ್ಲಿ, ಸರತಿಯ ಸಾಲಿನಲ್ಲಿ, ಮನೆಯ ಮೂಲೆಯಲ್ಲಿ ಕಳೆಯುವುದು. ಆ ಮಿಕ್ಕ ಕಾಲದ ಕಷ್ಟಸುಖಗಳನ್ನು ವಿಚಾರಿಸತಕ್ಕವರು ಯಾರೆಂಬ ಪ್ರಶ್ನೆಯನ್ನು ನಾಗರಿಕರ ಮತ್ತು ಅಧಿಕಾರಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. 2007ರಲ್ಲಿ ಇವು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲಾಯಿತು. ಹೆಸರಿನಲ್ಲಿ ಬೆಂಗಳೂರು ಸಮೀಪಕ್ಕೆ ಬಂದಿದ್ದರೂ ರೋಗಿಗೆ ದಾರಿಯೇನೂ ಕಡಿಮೆಯಾಗಿಲ್ಲ. ಈ ಊರುಗಳಿಂದ ರಾಜಧಾನಿಗೆ ಐವತ್ತು ಅರವತ್ತು ಕಿಲೋಮೀಟರುಗಳ ಪ್ರಯಾಣ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಬಡವರ ಮುಖ್ಯ ಆಶ್ರಯ. ಅದಿರುವ ಹೊಸೂರು ರಸ್ತೆಗೆ ನಗರದೊಳಗೆ ಇನ್ನೊಂದು ಬಸ್ಸನ್ನು ಹಿಡಿಯಬೇಕು. ರಾಮನಗರ, ಚನ್ನಪಟ್ಟಣಗಳಿಗೆ ಮೈಸೂರಿನ ರೈಲುಮಾರ್ಗವಾದರೂ ಉಂಟು; ಕನಕಪುರಕ್ಕೂ ಮಾಗಡಿಗೂ ಅದೂ ಇಲ್ಲ.

ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಿರಣಚಿಕಿತ್ಸೆಯೆಂದರೆ ವಾರಕ್ಕೆ 5 ದಿನಗಳಂತೆ ಸುಮಾರು 5 ವಾರ. ಅದರ ಮೇಲೆ ಒಳಗಿನಿಂದ ಕೊಡುವ ಕಿರಣ ಬೇರೆ. ಒಟ್ಟು ಚಿಕಿತ್ಸೆಯು 8 ವಾರಗಳೊಳಗಾಗಿ ಮುಗಿಯಬೇಕೆಂಬುದು ವೈದ್ಯಶಾಸ್ತ್ರದ ಮತ. ನಡುವೆ ಬಿಟ್ಟರೆ ಫಲವು ಕುಗ್ಗುವುದು. ಆದರೆ ಮನೆಯ ಪಂಚಾಂಗವೇ ಬೇರೆ. ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದೆದ್ದು ಸೊಪ್ಪನ್ನು ಮುಕ್ಕುವ ದಿನಗಳಲ್ಲಿ ಮನೆಯಲ್ಲಿ ಒಂದು ಜೊತೆ ಕೈ ಕಡಿಮೆಯಾದರೂ ಬೆಳೆ ಕೈಬಿಟ್ಟುಹೋಗುವುದು. ಬೊಂಬೆ ಮಾಡುವ ಕುಶಲಕರ್ಮಿಗೆ ಕೆಲಸಕ್ಕೆ ಕೂಡದ ದಿನದ ಕೂಲಿಯಿಲ್ಲ. ಆ ಮನೆಯ ಹೆಂಗಸು ಎರಡು ದಿನ ತಪ್ಪಿಸುವಳು, ಆಮೇಲೆ ಒಂದು ವಾರ, ಆಮೇಲೆ ಬರುವುದೇ ಇಲ್ಲ. ಆಸ್ಪತ್ರೆಯ ದಫ್ತರದಲ್ಲಿ ಅವಳು ಬರಲಿಲ್ಲವೆಂದು ಬರೆದಿರುವುದು; ಏಕೆ ಬರಲಿಲ್ಲವೆಂದು ಬರೆದಿರುವುದಿಲ್ಲ.

ಸರ್ಕಾರವು ಏನನ್ನೂ ಮಾಡಿಲ್ಲವೆನ್ನುವುದು ನ್ಯಾಯವಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ರಿಯಾಯಿತಿಯಿದೆ. ಆದರೆ ರಿಯಾಯಿತಿಗೆ ಆಸ್ಪತ್ರೆಯ ಪ್ರಮಾಣಪತ್ರ ಬೇಕೆಂಬುದನ್ನು ಹೇಳುವವರಾರು? ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರಿದ್ದರೆ ಅದನ್ನು ತಿದ್ದಿಸುವವರಾರು? ಹೆಂಡತಿಯ ಜೊತೆಗೆ ಬರುವ ಗಂಡನ ಬಸ್ ಖರ್ಚಿಗೆ ದಾರಿಯೇನು?

ಈ ಕೆಲಸಗಳಿಗೆಂದೇ ಶಿಕ್ಷಣ ಪಡೆದ ಒಂದು ವರ್ಗವಿದೆ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೇರಿ ಸ್ಟೂವರ್ಟ್ ಎಂಬಾಕೆಯನ್ನು ಇಂತಹ ಕಾರ್ಯಕ್ಕೆ ನೇಮಿಸಿದರು. ಬಾಸ್ಟನ್ ನಗರದ ವೈದ್ಯ ರಿಚರ್ಡ್ ಕ್ಯಾಬಟ್ಟರು ತಾವು ವಿಧಿಸಿದ ಪಥ್ಯವನ್ನೂ ವಿಶ್ರಾಂತಿಯನ್ನೂ ಬಡ ರೋಗಿಯ ಮನೆಯಲ್ಲಿ ಪಾಲಿಸುವುದು ಅಸಾಧ್ಯವೆಂಬುದನ್ನು ಕಂಡು, 1905ರಲ್ಲಿ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಮಾಜಸೇವಾ ಶಾಖೆಯನ್ನು ತೆರೆದರು. ಎರಡು ಕಡೆಯೂ ಕೆಲಸವು ಆರಂಭವಾದುದು ಹೊರರೋಗಿಗಳ ನಡುವೆಯೇ ಎಂಬುದು ಗಮನಾರ್ಹ. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯ ಟಾಟಾ ಸಮಾಜಸೇವಾ ವಿದ್ಯಾಲಯವು ಹುಟ್ಟಿತು. 1946ರಲ್ಲಿ ಅಲ್ಲಿನ ಜೆ. ಜೆ. ಆಸ್ಪತ್ರೆಗೆ ಮೊದಲ ವೈದ್ಯಕೀಯ ಸಮಾಜಸೇವಕರ ನೇಮಕವಾಯಿತು.

ಇವರ ಕಾರ್ಯವು ಕಾಗದಪತ್ರಗಳಿಗೆ ಮುಗಿಯತಕ್ಕದ್ದಲ್ಲ. ರೋಗದ ಹೆಸರನ್ನೇ ಹೇಳಲಂಜುವ ಮನೆಗಳು ನಮ್ಮಲ್ಲಿ ಹೇರಳ. ಈ ರೋಗವು ಮುಟ್ಟಿದರೆ ಅಂಟುವುದೆಂಬ ಭ್ರಾಂತಿಯಿಂದ ತಟ್ಟೆ ಲೋಟಗಳನ್ನು ಬೇರೆಯಿಡುವವರುಂಟು. ಕೂದಲುದುರಿದ ಸೊಸೆಯನ್ನು ತವರಿಗೆ ಕಳುಹಿಸಿ ಸುಮ್ಮನಾಗುವವರೂ ಉಂಟು. ಅಂತಹ ಮನೆಯವರನ್ನು ಕೂರಿಸಿಕೊಂಡು ಮಾತನಾಡುವುದಕ್ಕೆ ವೈದ್ಯರಿಗೆ ಬಿಡುವಿಲ್ಲ. ರೋಗವು ಗುಣವಾಗದೆಂದು ತಿಳಿದ ಮೇಲೂ ಕೆಲಸ ಉಳಿದಿರುತ್ತದೆ: ನೋವು ಶಮನದ ಔಷಧವು ಎಲ್ಲಿ ದೊರೆಯುವುದು, ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಯು ಅಂತಿಮಾವಸ್ಥೆಯ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವುದೆಂಬುದನ್ನು ಮನೆಯವರಿಗೆ ಸಕಾಲದಲ್ಲಿ ತಿಳಿಸಬೇಕು.

ಇದಕ್ಕೆ ಸಂಬಳದ ನೌಕರರೇಕೆ, ದಯಾವಂತರಾದ ಸ್ವಯಂಸೇವಕರು ಸಾಲದೆ ಎಂದು ಕೆಲವರು ಕೇಳಬಹುದು. ಸ್ವಯಂಸೇವಕರ ಸಹಾಯ ಬೇಕೇ ಬೇಕು. ಆದರೆ ಹಬ್ಬಕ್ಕೆ ಹಣ್ಣು ಹಂಚಿ ಬರುವವರಿಂದ ಎಂಟು ವಾರಗಳ ಕಾಲ ಒಬ್ಬ ರೋಗಿಯ ಬೆನ್ನ ಹಿಂದಿರುವ ಕೆಲಸವಾಗದು. ಅರ್ಧಕ್ಕೆ ನಿಂತ ಚಿಕಿತ್ಸೆಯಲ್ಲಿ ವ್ಯರ್ಥವಾಗುವ ಸಾರ್ವಜನಿಕ ಹಣದ ಮುಂದೆ ಈ ಸಂಬಳವು ದೊಡ್ಡದಲ್ಲ.

2025ರಲ್ಲಿ ರಾಜ್ಯವು 16 ಜಿಲ್ಲಾಸ್ಪತ್ರೆಗಳಲ್ಲಿ ಹಗಲು ಕೀಮೋಥೆರಪಿ ಕೇಂದ್ರಗಳನ್ನು ತೆರೆದುದು ಸ್ತುತ್ಯವಾದ ಹೆಜ್ಜೆ. ಅದರ ಜೊತೆಗೆ ಈ ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳಲೆಂದೇ ಒಬ್ಬೊಬ್ಬ ಶಿಕ್ಷಿತ ಸಮಾಜಸೇವಕರಿರಬೇಕು. ಬೆಂಗಳೂರಿಗೆ ಹೋಗುವ ಪ್ರತಿಯೊಬ್ಬ ರೋಗಿಯ ಹೆಸರೂ ಮುಂದಿನ ತಾರೀಖೂ ಅವರಲ್ಲಿರಲಿ. ತಾರೀಖು ತಪ್ಪಿದರೆ ಎರಡು ದಿನಗಳೊಳಗೆ ಹಳ್ಳಿಯ ಆಶಾ ಕಾರ್ಯಕರ್ತೆಯ ಮೂಲಕ ಮನೆಯ ಬಾಗಿಲಿಗೆ ವಿಚಾರಣೆ ಹೋಗಲಿ. ತಾಲ್ಲೂಕು ಕಚೇರಿಯವರು ಇಂತಹ ರೋಗಿಗಳ ಪ್ರಮಾಣಪತ್ರಗಳನ್ನು ತಡಮಾಡದೆ ಕೊಡಲಿ. ಹಾಲು ಉತ್ಪಾದಕರ ಸಂಘಗಳೂ ಪಟ್ಟಣದ ವರ್ತಕರೂ ಜೊತೆಯವರ ದಾರಿಖರ್ಚಿಗೊಂದು ನಿಧಿಯನ್ನು ಕೂಡಿಸುವುದು ಅಸಾಧ್ಯವೇನಲ್ಲ.

ಸೇವಾಗ್ರಾಮದಲ್ಲಿ ಕುಷ್ಠರೋಗಿಯಾಗಿದ್ದ ಪರಚುರೆ ಶಾಸ್ತ್ರಿಗಳನ್ನು ಮಹಾತ್ಮರು ತಮ್ಮ ಕುಟೀರದ ಬಳಿಯಲ್ಲಿಯೇ ಇರಿಸಿಕೊಂಡು ಸ್ವತಃ ಶುಶ್ರೂಷೆ ಮಾಡಿದರು. ರೋಗಿಯನ್ನು ಜನರ ನಡುವೆಯೇ ಉಳಿಸಿಕೊಳ್ಳಬೇಕೆಂಬುದು ಅವರ ಆ ನಡತೆಯ ಅರ್ಥ. ಬೆಳಗಿನ ಮೊದಲನೆಯ ಬಸ್ಸಿಗೆ ಮಾಗಡಿಯಲ್ಲಿಯೋ ಕನಕಪುರದಲ್ಲಿಯೋ ಕಾಯುತ್ತ ನಿಂತಿರುವ ರೋಗಿಯ ವಿಷಯದಲ್ಲಿ ನಮ್ಮ ಸರ್ಕಾರವೂ ಸಮಾಜವೂ ಅದೇ ಅರ್ಥವನ್ನು ಆಚರಣೆಗೆ ತರಬೇಕಾಗಿದೆ.