ಸರ್ಕಾರಕ್ಕೂ ಬೀಗ ಬೀಳುತ್ತದೆಯೇ?

ಗೆಳೆಯರೇ, ಹೋದ ಬೇಸಿಗೆಯಲ್ಲಿ ನಮ್ಮ ತೋಟದ ಬೋರಿನ ಮೋಟಾರು ಸುಟ್ಟುಹೋಯಿತು. ಆ ಬೋರು ನಮಗೂ ದೊಡ್ಡಪ್ಪನವರಿಗೂ ಪಾಲಿನದು. ವೈಂಡಿಂಗ್ ಖರ್ಚನ್ನು ಇಬ್ಬರೂ ಸಮಸಮ ಹಾಕೋಣ ಎಂದರು ಅಪ್ಪ. ‘ನಿನ್ ಜಮೀನು ಜಾಸ್ತಿ, ನೀರೂ ಜಾಸ್ತಿ ಬಿಟ್ಕೋತೀಯ, ದುಡ್ಡೂ ಜಾಸ್ತಿ ಹಾಕು’ ಎಂದರು ದೊಡ್ಡಪ್ಪ. ಇಬ್ಬರ ಮಾತಲ್ಲೂ ನ್ಯಾಯವಿತ್ತು. ಇಬ್ಬರೂ ಬಗ್ಗಲಿಲ್ಲ. ಒಂಬತ್ತು ದಿನ ಮೋಟಾರು ಜಗಲಿ ಮೇಲೇ ಬಿದ್ದಿತ್ತು. ಹಿಪ್ಪುನೇರಳೆ ಬಾಡಿತು. ಮನೆಯಲ್ಲಿ ಹುಳು ಮೇವಿಗೆ ಕಾಯುತ್ತಿದ್ದವು. ಅಮ್ಮ ಊರೆಲ್ಲಾ ಸೊಪ್ಪು ಕೇಳಿಕೊಂಡು ತಿರುಗಿದಳು. ಜಗಳದಲ್ಲಿ ಅಮ್ಮನೂ ಇರಲಿಲ್ಲ, ಹುಳುವೂ ಇರಲಿಲ್ಲ.

ಮೊನ್ನೆ ಸಮಾಜ ಪಾಠದಲ್ಲಿ ಮೇಷ್ಟ್ರು, ‘ಅಮೆರಿಕದಲ್ಲಿ ಬಜೆಟ್ ಜಗಳಕ್ಕೆ ಸರ್ಕಾರದ ಕಚೇರಿಗಳೇ ಬಾಗಿಲು ಹಾಕುತ್ತವೆ’ ಎಂದಾಗ ನನಗೆ ಈ ಮೋಟಾರೇ ನೆನಪಾಯಿತು. ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಬಾಗಿಲು ಹಾಕುವುದು ಯಾಕೆ?

ಶಾಸನಸಭೆ ಕಾನೂನು ಮಾಡಿ ಒಪ್ಪದ ಹೊರತು ಖಜಾನೆಯಿಂದ ಒಂದು ಕಾಸೂ ತೆಗೆಯಬಾರದೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಅಲ್ಲಿನ ಶಾಸನಸಭೆಯ ಹೆಸರು ಕಾಂಗ್ರೆಸ್. ಅದಕ್ಕೆ ಎರಡು ಮನೆ: ಪ್ರತಿನಿಧಿ ಸಭೆ ಮತ್ತು ಸೆನೆಟ್. ಎರಡೂ ಒಪ್ಪಿದ ಮೇಲೆ ಅಧ್ಯಕ್ಷರ ಸಹಿ ಬೇಕು. ಅಂದರೆ ಒಂದೇ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿಕೈ ಮೂವರ ಹತ್ತಿರ. ಅವರ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರಲ್ಲಿ ಮೂವರೂ ಒಪ್ಪದಿದ್ದರೆ ಹಣವಿಲ್ಲ.

ಮೊದಲೆಲ್ಲಾ ಹೀಗಾದಾಗ ಕಚೇರಿಗಳು ಹೇಗೋ ನಡೆದುಕೊಂಡು ಹೋಗುತ್ತಿದ್ದವು. ಮಂಜೂರಾತಿ ಇಲ್ಲದೆ ಕೆಲಸ ನಡೆಸುವುದು ಕಾನೂನಿಗೆ ವಿರುದ್ಧವೆಂದು 1980ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಹೇಳಿದರು. ಆಮೇಲೆ ನಿಜವಾಗಿಯೂ ಬಾಗಿಲು ಹಾಕತೊಡಗಿದರು. ಸೈನಿಕರು, ವಿಮಾನಗಳಿಗೆ ದಾರಿ ತೋರಿಸುವವರು ಮುಂತಾದವರು ಮಾತ್ರ ಕೆಲಸ ಬಿಡುವಂತಿಲ್ಲ.

ಮೂರು ಜಗಳಗಳು

1995ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಡೆಮಾಕ್ರಟಿಕ್ ಪಕ್ಷದವರು, ಕಾಂಗ್ರೆಸ್ಸಿನಲ್ಲಿ ರಿಪಬ್ಲಿಕನ್ನರ ಬಹುಮತ. ಏಳು ವರ್ಷದಲ್ಲಿ ಸಾಲದ ಬಜೆಟ್ ನಿಲ್ಲಬೇಕು ಎಂದು ರಿಪಬ್ಲಿಕನ್ನರು. ಅದಕ್ಕಾಗಿ ಮುದುಕರ ವೈದ್ಯಕೀಯ ನೆರವನ್ನು ಅಷ್ಟೊಂದು ಕಡಿಯಬಾರದು ಎಂದು ಕ್ಲಿಂಟನ್. ಕಚೇರಿಗಳು ಒಮ್ಮೆ 5 ದಿನ, ಇನ್ನೊಮ್ಮೆ 21 ದಿನ ಮುಚ್ಚಿದವು. ಆದರೆ ಅದೇ ಎರಡು ಕಡೆಯವರು 1997ರಲ್ಲಿ ಕೂತು ಮಾತಾಡಿ ಒಂದು ಬಜೆಟ್ ಕಾನೂನಿಗೆ ಒಪ್ಪಿದರು. ದೇಶದ ಆದಾಯ ಬೆಳೆದದ್ದೂ ಸೇರಿ, 1998ರಿಂದ 2001ರವರೆಗೆ ಬಜೆಟ್ಟಿನಲ್ಲಿ ಹಣ ಉಳಿಯಿತು!

2018ರ ಡಿಸೆಂಬರಿನಲ್ಲಿ ಮೆಕ್ಸಿಕೊ ಗಡಿಯ ಗೋಡೆಗೆ 570 ಕೋಟಿ ಡಾಲರ್ ಬೇಕೆಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹಠ ಹಿಡಿದರು. ಡೆಮಾಕ್ರಟರು ಕೊಡುವುದಿಲ್ಲ ಎಂದರು. 35 ದಿನ ಹೀಗೇ ಹೋಯಿತು. ಸುಮಾರು 8 ಲಕ್ಷ ನೌಕರರಿಗೆ ಸಂಬಳ ಬರಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂಬಳವಿಲ್ಲದೆಯೇ ದುಡಿದರು. ದೇಶದ ಉತ್ಪನ್ನದಲ್ಲಿ ಮತ್ತೆಂದೂ ವಾಪಸ್ ಬಾರದ ನಷ್ಟವೇ ಸುಮಾರು 300 ಕೋಟಿ ಡಾಲರ್ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಅಂದಾಜು ಮಾಡಿತು. 2019ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಕೊನೆಗೂ ಒಪ್ಪಿದ್ದು 137.5 ಕೋಟಿ ಡಾಲರಿಗೆ. (ಉಳಿದ ಹಣಕ್ಕೆ ಟ್ರಂಪ್ ತುರ್ತು ಪರಿಸ್ಥಿತಿ ಘೋಷಿಸಿದರು, ಅದು ಬೇರೆ ಕಥೆ.) ಈಗ ನೀವೇ ಲೆಕ್ಕ ಹಾಕಿ: ಕೊಟ್ಟದ್ದೆಷ್ಟು, ಕಳೆದದ್ದೆಷ್ಟು?

2025ರಲ್ಲಿ ಆರೋಗ್ಯ ವಿಮೆಯ ಸಹಾಯಧನದ ಮೇಲೆ ಜಗಳ. 100 ಜನರ ಸೆನೆಟ್‌ನಲ್ಲಿ ಮಸೂದೆ ಮುಂದಕ್ಕೆ ಹೋಗಲು 60 ಮತ ಬೇಕಿತ್ತು, ಆಳುವ ಪಕ್ಷಕ್ಕೆ ಇದ್ದದ್ದು 53. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಬೀಗ. ಅಲ್ಲಿಯವರೆಗೆ ಅಷ್ಟು ದೀರ್ಘ ಬೀಗ ಬಿದ್ದದ್ದೇ ಇಲ್ಲ. ಸುಮಾರು 4 ಕೋಟಿ ಬಡವರಿಗೆ ಸಿಗುತ್ತಿದ್ದ ಆಹಾರ ನೆರವು ನವೆಂಬರಿನಲ್ಲಿ ಏರುಪೇರಾಯಿತು. ಕೊನೆಗೆ ವಿರೋಧಿ ಬಣದ ಎಂಟು ಸದಸ್ಯರು ಈ ಕಡೆ ಬಂದು ಮತ ಹಾಕಿದರು. ಸಹಾಯಧನದ ವಿಷಯವನ್ನು ಮತಕ್ಕೆ ಹಾಕುತ್ತೇವೆಂಬ ಭರವಸೆ ಅವರಿಗೆ ಸಿಕ್ಕಿತು. ಸಹಾಯಧನ ಸಿಗಲಿಲ್ಲ.

ನಮ್ಮಲ್ಲಿ ಹೇಗೆ?

ನಮ್ಮಲ್ಲಿ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ಬಜೆಟ್ ಪಾಸಾಗದಿದ್ದರೆ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನ ಪಡೆಯಬಹುದು. ಹಣಕಾಸು ಮಸೂದೆಯನ್ನು ರಾಜ್ಯಸಭೆಯಾಗಲಿ ನಮ್ಮ ವಿಧಾನ ಪರಿಷತ್ತಾಗಲಿ 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ. ಲೋಕಸಭೆಯೋ ವಿಧಾನಸಭೆಯೋ ಬಜೆಟ್ಟನ್ನೇ ತಿರಸ್ಕರಿಸಿದರೆ ಮಂತ್ರಿಮಂಡಲ ರಾಜೀನಾಮೆ ಕೊಡಬೇಕು. ಅಮೆರಿಕದಲ್ಲಿ ಅಧ್ಯಕ್ಷರೂ ಬೀಳುವುದಿಲ್ಲ, ಕಾಂಗ್ರೆಸ್ಸೂ ಬೀಳುವುದಿಲ್ಲ. ಅದಕ್ಕೇ ಅಲ್ಲಿ ರಾಜಿ ಬಿಟ್ಟರೆ ಬೇರೆ ದಾರಿಯಿಲ್ಲ.

ಹಠ ತಪ್ಪೇ?

‘ಹಾಗಾದ್ರೆ ಸರಿ ಅನ್ಸಿದ್ದಕ್ಕೆ ಹಠ ಹಿಡಿಯೋದೇ ತಪ್ಪಾ ಸಾರ್?’ ಎಂದು ನಾನು ಕೇಳಿದೆ. ಮೇಷ್ಟ್ರು ನಕ್ಕು, ‘ಹಠ ಹಿಡಿ. ಆದರೆ ನಿನ್ನ ಹಠದ ಬಾಕಿಯನ್ನು ಇನ್ನೊಬ್ಬರ ಕೈಲಿ ಕಟ್ಟಿಸಬೇಡ’ ಎಂದರು.

ನಮ್ಮ ಮನೆಯಲ್ಲಿ ಕೊನೆಗೆ ಅಜ್ಜಿ ಗದರಿದರು: ‘ಮೊದ್ಲು ನೀರು ಹಾಯ್ಸಿ. ಲೆಕ್ಕ ಗೂಡು ಮಾರಿದ್ಮೇಲೆ ಕೂತ್ಕಂಡು ಮಾಡಿ.’ ಆ ದಿನ ಇಬ್ಬರೂ ಅರ್ಧರ್ಧ ಹಾಕಿದರು. ಆಮೇಲೆ ಲೆಕ್ಕಕ್ಕೆ ಕೂತಾಗ ಅಪ್ಪ ಸ್ವಲ್ಪ ಹೆಚ್ಚು ಕೊಟ್ಟರು, ದೊಡ್ಡಪ್ಪ ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ತಗೊಂಡರು. ಈ ಲೆಕ್ಕ ಮೊದಲನೇ ದಿನವೇ ಆಗಬಹುದಿತ್ತು. ಆ ಸಲ ನಮ್ಮ ಗೂಡು ಅರ್ಧಕ್ಕರ್ಧ ಕೆಟ್ಟಿತು.

ಗೆಳೆಯರೇ, ಇಂಥ ಜಗಳ ನಿಮ್ಮ ಮನೆಯಲ್ಲೂ ಆಗಿದ್ದರೆ, ಅದು ಹೇಗೆ ಬಗೆಹರಿಯಿತೆಂದು ಬರೆದು ಮೇಷ್ಟ್ರ ಕೈಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.